ಅಪ್ಪ ಡಾಕ್ಟರ ಟೆಸ್ಟಿನಲ್ಲಿ ಪಾಸು, ಅಂಗಡಿಯಲ್ಲಿ ನಪಾಸು. ಟ್ಯಾಬ್ ಆಟದಿಂದ ನಿಜ ಗೊತ್ತಾಗುತ್ತದಾ?

ಸಂತೆಕಟ್ಟೆ ಅಕ್ಕ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಬೇಡಿ.

ನನ್ನ ಅಪ್ಪನಿಗೆ 72. ಮಂಗಳೂರಿನ ಬಂದರಿನಲ್ಲಿ 40 ವರ್ಷ ದಿನಸಿ ಅಂಗಡಿ ನಡೆಸಿದವರು. ಓದಿದ್ದು ಏಳನೇ ಕ್ಲಾಸು. ಲೆಕ್ಕದಲ್ಲಿ ಮಾತ್ರ ಕ್ಯಾಲ್ಕುಲೇಟರಿಗಿಂತ ಒಂದು ಹೆಜ್ಜೆ ಮುಂದೆ. ಕಡದ ಪುಸ್ತಕ ತೆರೆಯದೆಯೇ ಯಾರ ಬಾಕಿ ಎಷ್ಟು ಅಂತ ಹೇಳುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ಅಂಗಡಿ ಬಿಟ್ಟು ಉಡುಪಿಗೆ, ನಮ್ಮ ಮನೆಗೆ ಬಂದರು. ಎರಡು ವರ್ಷ ಆಯಿತು.

ಈಗ ನಾಲ್ಕೈದು ತಿಂಗಳಿಂದ ಏನೋ ಸರಿ ಇಲ್ಲ. ಹಾಲಿನ ಪಾತ್ರೆ ಒಲೆ ಮೇಲಿಟ್ಟು ಹೊರಗೆ ಹೋಗಿ ಕೂರುತ್ತಾರೆ. ಎರಡು ಪಾತ್ರೆ ತಳ ಸೀದು ಹೋಯಿತು. ಮೊನ್ನೆ ಬೆಲ್ಲ, ಉಪ್ಪು, ಸೋಪು, ಮೊಟ್ಟೆ ತರಲು ಹೋದವರು ಎರಡು ಪ್ಯಾಕೆಟ್ ಉಪ್ಪು ಮತ್ತು ಒಂದು ಸೋಪು ತಂದರು. ಸಿಟಿ ಬಸ್ಸಿನಲ್ಲಿ ಹೋಗುವಾಗ ಕಲ್ಸಂಕದಲ್ಲೇ ಇಳಿದು, ಯಾಕೆ ಇಳಿದೆ ಅಂತ ಗೊತ್ತಾಗದೆ ಅಲ್ಲೇ ನಿಂತಿದ್ದರಂತೆ. ಪರಿಚಯದ ಹುಡುಗ ನೋಡಿ ಬೈಕಿನಲ್ಲಿ ತಂದುಬಿಟ್ಟ.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಒಂದು ಹಾಳೆಯ ಟೆಸ್ಟ್ ಮಾಡಿದರು. ಐದು ಶಬ್ದ ನೆನಪಿಡಿ, ಗಡಿಯಾರ ಬಿಡಿಸಿ, ಇವತ್ತು ಯಾವ ವಾರ, ಆ ತರಹ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಅಂದರು ನೋಡಿ, ಅಪ್ಪ ಉಸಿರು ಬಿಡದೆ 93, 86, 79, 72, 65 ಅಂತ ಹೇಳಿ, "ಇನ್ನೂ ಬೇಕಾ?" ಅಂತ ಕೇಳಿದರು! 30ಕ್ಕೆ 27 ಬಂತು. "ವಯಸ್ಸಿನ ಮರೆವು ಅಷ್ಟೇ, ಏನೂ ಇಲ್ಲ" ಅಂದು ಐದು ನಿಮಿಷದಲ್ಲಿ ಕಳಿಸಿದರು. ಅಪ್ಪನಿಗೆ ಖುಷಿ. ಮನೆಗೆ ಬಂದು ಅವತ್ತೇ ರಾತ್ರಿ ಬಿಸಿನೀರಿಗೆ ಇಟ್ಟು ಮರೆತರು.

ಬೆಂಗಳೂರಿನಲ್ಲಿರುವ ನನ್ನ ಚಿಕ್ಕಮ್ಮನ ಮಗ ಒಂದು ಆಟ ಕಳಿಸಿದ್ದಾನೆ. ಟ್ಯಾಬಿನಲ್ಲಿ ಆಡುವಂಥದ್ದು. ಅಂಗಡಿಗೆ ಹೋಗಿ ಪಟ್ಟಿಯ ಪ್ರಕಾರ ಸಾಮಾನು ತರಬೇಕು. "ಅಕ್ಕಾ, ಈಗ ಆಟದಿಂದಲೇ ನೆನಪಿನ ತೊಂದರೆ ಕಂಡುಹಿಡಿಯುತ್ತಾರೆ, ಆಡಿಸಿ ನೋಡು" ಅನ್ನುತ್ತಾನೆ. ಇದು ನಂಬುವ ವಿಷಯವಾ, ಸುಮ್ನೆ ಟೈಂಪಾಸಾ? ಅಪ್ಪನನ್ನು ಮಂಗ ಮಾಡಿದ ಹಾಗೆ ಆಗಬಾರದು. ಗೊತ್ತಿದ್ದವರು ಹೇಳಿ.

ಕಡಲ ತಡಿ ಬರೆದದ್ದು:

ಅಕ್ಕಾ, ನಾನು ಮಣಿಪಾಲದಲ್ಲಿ ಓದಿದ ಆಕ್ಯುಪೇಶನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸ ಮಾಡಿಕೊಳ್ಳಲು ರೋಗಿಗಳಿಗೆ ನೆರವಾಗುವವಳು. ಈಗ ಮಂಗಳೂರಿನಲ್ಲಿದ್ದೇನೆ. ನಿಮ್ಮ ಅಪ್ಪನನ್ನು ನೋಡದೆ ಏನಿದೆ, ಏನಿಲ್ಲ ಅಂತ ಹೇಳುವ ಹಾಗಿಲ್ಲ. ಆದರೆ ನೀವು ಬರೆದದ್ದರಲ್ಲಿ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಏಳೇಳು ಕಳೆಯುವುದು. 40 ವರ್ಷ ಗಲ್ಲಾಪೆಟ್ಟಿಗೆ ಮುಂದೆ ಕೂತವರಿಗೆ ಅದು ಪರೀಕ್ಷೆಯೇ ಅಲ್ಲ ಮಾರಾಯ್ರೆ. ಮೀನುಗಾರನಿಗೆ ಈಜು ಬರುತ್ತದಾ ಅಂತ ಕೇಳಿದ ಹಾಗೆ.

ನೀವು ಹೇಳಿದ ಹಾಳೆ ಬಹುಶಃ ಮೋಕಾ ಇರಬೇಕು. ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾಡಿದ್ದು, 2005ರಲ್ಲಿ ಪ್ರಕಟವಾಯಿತು. ಕನ್ನಡದಲ್ಲೂ ಇದೆ. ಹನ್ನೆರಡು ವರ್ಷ ಅಥವಾ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸಿ ಕೊಡುತ್ತಾರೆ. 26ರಿಂದ ಮೇಲೆ ಬಂದರೆ ಸರಿ ಅಂತ ಮೂಲ ಲೆಕ್ಕ. ಒಳ್ಳೆಯ ಟೆಸ್ಟೇ. ಆದರೆ ಅದು ಸೋಸುವ ಜರಡಿ, ತೂಗುವ ತಕ್ಕಡಿ ಅಲ್ಲ. ಸದ್ದಿಲ್ಲದ ಕೋಣೆ, ಎದುರಿಗೆ ಒಬ್ಬರೇ, ಒಂದು ಸಲಕ್ಕೆ ಒಂದೇ ಪ್ರಶ್ನೆ. ನಮ್ಮ ಮನೆ ಯಾವತ್ತಾದರೂ ಹಾಗಿರುತ್ತದಾ?

ಇದು ಹಳೆಯ ತಲೆನೋವು. 1991ರಲ್ಲಿ ಲಂಡನ್ನಿನಲ್ಲಿ ಶಾಲಿಸ್ ಮತ್ತು ಬರ್ಗೆಸ್ ಎಂಬ ಇಬ್ಬರು ಮೂರು ರೋಗಿಗಳ ಬಗ್ಗೆ ಬರೆದರು. ಮೂವರಿಗೂ ಮಿದುಳಿನ ಮುಂಭಾಗಕ್ಕೆ ಪೆಟ್ಟಾಗಿತ್ತು. ಬುದ್ಧಿ ಅಳೆಯುವ ಪರೀಕ್ಷೆಯಲ್ಲಿ ಚೆನ್ನಾಗಿಯೇ ಮಾಡುತ್ತಿದ್ದರು, ಆದರೆ ದಿನದ ಬದುಕು ಹಳಿ ತಪ್ಪಿತ್ತು. ಹಾಗಾಗಿ ಅವರನ್ನು ಅಂಗಡಿ ಬೀದಿಗೇ ಕರೆದುಕೊಂಡು ಹೋದರು. ಇಂಥಿಂಥ ಸಾಮಾನು ಕೊಳ್ಳಿ, ಒಂದೆರಡು ವಿಷಯ ವಿಚಾರಿಸಿ ಬರೆದುಕೊಳ್ಳಿ, ಹದಿನೈದು ನಿಮಿಷಕ್ಕೆ ಸರಿಯಾಗಿ ಇಂಥ ಜಾಗದಲ್ಲಿ ಇರಿ. ಅಲ್ಲಿ ಎಡವಟ್ಟು ಬಯಲಾಯಿತು. ನಮ್ಮೂರಿನ ಲೆಕ್ಕದಲ್ಲಿ ಹೇಳುವುದಾದರೆ, ರಥಬೀದಿಗೆ ಹೋಗಿ ಕರ್ಪೂರ ತನ್ನಿ, ಒಂದು ಅಂಚೆ ಕವರ್ ತನ್ನಿ, ಇವತ್ತು ಮಲ್ಲಿಗೆ ಅಟ್ಟೆಗೆ ಎಷ್ಟು ಅಂತ ಕೇಳಿಕೊಂಡು ಬನ್ನಿ, ಹತ್ತೂವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಇರಿ, ಆ ತರಹ.

ಎಲ್ಲ ರೋಗಿಗಳನ್ನೂ ಬೀದಿಗೆ ಕರೆದುಕೊಂಡು ಹೋಗಲು ಆಗುವುದಿಲ್ಲವಲ್ಲ. ಬೀದಿಯೂ ದಿನಾ ಒಂದೇ ರೀತಿ ಇರುವುದಿಲ್ಲ. ಅದಕ್ಕೇ ಬೀದಿಯನ್ನು ಪರದೆ ಮೇಲೆ ತಂದರು. ನಿಮ್ಮ ತಮ್ಮ ಕಳಿಸಿದ್ದು ಆ ಜಾತಿಯದ್ದು. ಮೋಜಿಗಲ್ಲದೆ ಬೇರೆ ಕೆಲಸಕ್ಕಾಗಿ ಮಾಡಿದ ಆಟಕ್ಕೆ ಸೀರಿಯಸ್ ಗೇಮ್ ಅನ್ನುತ್ತಾರೆ. ಫ್ರಾನ್ಸಿನಲ್ಲಿ ಅಪಘಾತದಲ್ಲಿ ತಲೆಗೆ ಪೆಟ್ಟಾದವರಿಗೆ ಕಂಪ್ಯೂಟರಿನಲ್ಲಿ ಕಾಫಿ ಮಾಡುವ ಆಟ ಕೊಟ್ಟು, ನಿಜವಾದ ಅಡುಗೆಮನೆಯಲ್ಲೂ ಮಾಡಿಸಿ ಹೋಲಿಸಿ ನೋಡಿದ್ದಾರೆ.

ಇನ್ನೊಂದು ದೊಡ್ಡದು ಸೀ ಹೀರೋ ಕ್ವೆಸ್ಟ್. 2016ರಲ್ಲಿ ಬಂತು. ನಕ್ಷೆ ನೋಡಿ ನೆನಪಿಟ್ಟುಕೊಂಡು ದೋಣಿ ನಡೆಸಬೇಕು. ಜಗತ್ತಿನಾದ್ಯಂತ 40 ಲಕ್ಷಕ್ಕಿಂತ ಜಾಸ್ತಿ ಜನ ಆಡಿದರು. 2019ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಆಲ್ಝೈಮರ್ ಎಂಬ ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ ಎಪಿಒಇ4 ಎಂಬ ಜೀನ್ ಇದ್ದವರು ಆಟದಲ್ಲಿ ಸುತ್ತು ದಾರಿ ಹಿಡಿದದ್ದು ಕಂಡಿತು. ಅವರಿಗೆ ಕಾಯಿಲೆ ಇನ್ನೂ ಇರಲಿಲ್ಲ. ಮಾಮೂಲಿ ನೆನಪಿನ ಟೆಸ್ಟಿನಲ್ಲಿ ಆ ವ್ಯತ್ಯಾಸ ಕಾಣಲೂ ಇಲ್ಲ. ಆದರೆ ಒಂದು ಮಾತು: ಅದು ಗುಂಪಿನ ಸರಾಸರಿ. ನಿಮ್ಮ ಅಪ್ಪ ಆಡಿ ಸುತ್ತು ಹೊಡೆದರೆ ಅವರಿಗೆ ಕಾಯಿಲೆ ಉಂಟು ಅಂತ ಅರ್ಥ ಅಲ್ಲ. 2022ರಲ್ಲಿ ಅದೇ ಆಟದಿಂದ ಇನ್ನೊಂದು ಗೊತ್ತಾಯಿತು. ಪಟ್ಟಣದ ಹೊರಗೆ ಬೆಳೆದವರಿಗೆ ದಾರಿ ಹುಡುಕುವುದು ಜಾಸ್ತಿ ಸಲೀಸು. ಚಿಕಾಗೋ ತರಹ ಚೌಕುಳಿ ರಸ್ತೆಯ ಊರಲ್ಲಿ ಬೆಳೆದವರಿಗೆ ಕಷ್ಟ. ನಮ್ಮ ಕಡೆ ಒಂದೊಂದು ಮನೆ ಒಂದೊಂದು ತೋಟದ ಮೂಲೆಯಲ್ಲಿ, ದಾರಿ ಗದ್ದೆ ಹುಣಿ ಮೇಲೆ. ಆಟದ ಅಂಕ ನೋಡುವಾಗ ಆಡುವವರು ಎಲ್ಲಿ ಬೆಳೆದರು ಅಂತಲೂ ನೋಡಬೇಕಾಗುತ್ತದೆ ಅನ್ನುವುದಕ್ಕೆ ಹೇಳಿದೆ.

ಈಗ ನಿಮಗೆ ಕೆಲಸ. ಆಟ ಆಡಿಸಿ, ತೊಂದರೆ ಇಲ್ಲ. ಆದರೆ ಅಂಕ ನೋಡಬೇಡಿ. ಪಕ್ಕದಲ್ಲಿ ಕೂತು ಅಪ್ಪ ಎಲ್ಲಿ ತಡವರಿಸುತ್ತಾರೆ ಅಂತ ನೋಡಿ. ಜೊತೆಗೆ ಒಂದು ನೋಟ್‌ಬುಕ್ ಇಡಿ. ಮನೆಯಲ್ಲಿ ತಪ್ಪು ಆದಾಗಲೆಲ್ಲ ಏನಾಯಿತು, ಅದಕ್ಕೆ ಮೊದಲು ಏನು ನಡೆಯುತ್ತಿತ್ತು ಅಂತ ಎರಡು ಸಾಲು ಬರೆಯಿರಿ. ಆ ಎರಡನೆಯದ್ದು ಮುಖ್ಯ.

ರಿಟೈರ್ಡ್ ಮೇಷ್ಟ್ರು, ಕಾರ್ಕಳ, ಬರೆದದ್ದು:

ನಾನೂ ಒಂದು ಆಟ ಆಡಿದ್ದೇನೆ. ಫೇಸ್‌ಬುಕ್ಕಿನಲ್ಲಿ ಬಂದಿತ್ತು. ಬಣ್ಣದ ಚೆಂಡು ಒತ್ತಬೇಕು. ನನಗೆ 68, ನನ್ನ ಮಿದುಳಿಗೆ 81 ಅಂತ ಬಂತು. ಕೆಳಗೇ ತಿಂಗಳಿಗೆ ಇಷ್ಟು ಕಟ್ಟಿದರೆ ಮಿದುಳಿನ ವಯಸ್ಸು ಇಳಿಯುತ್ತದೆ ಅಂತ ಬರೆದಿತ್ತು. ನನ್ನ ಹೆಂಡತಿ, "ಕಟ್ಟಬೇಡಿ, 81ರ ಮಿದುಳಾದರೂ ಸ್ವಲ್ಪ ಸುಮ್ಮನೆ ಕೂತೀತು" ಅಂದಳು.

ತಮಾಷೆ ಬಿಡಿ. ಅಮೆರಿಕದಲ್ಲಿ ಲುಮಾಸಿಟಿ ಎಂಬ ಮಿದುಳಿನ ಆಟದ ಕಂಪನಿ, ಆಟ ಆಡಿದರೆ ಮರೆವು ದೂರ ಆಗುತ್ತದೆ ಅಂತ ಜಾಹೀರಾತು ಕೊಟ್ಟು ಸಿಕ್ಕಿಬಿದ್ದು, 2016ರಲ್ಲಿ 20 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಅಳೆಯುವ ಆಟ ಬೇರೆ, ವಾಸಿ ಮಾಡುತ್ತೇನೆ ಅನ್ನುವ ಆಟ ಬೇರೆ.

ಆಟಕ್ಕಿಂತ ಮೊದಲು ರಕ್ತ ಪರೀಕ್ಷೆ ಮಾಡಿಸಿ ಮಗಳೇ. ನನ್ನ ಹೆಂಡತಿಗೆ ಮೂರು ವರ್ಷದ ಹಿಂದೆ ಹೀಗೇ ಆಗಿತ್ತು. ಮಾತಿನ ಮಧ್ಯೆ ತಡೆಯುವುದು, ಹಗಲೆಲ್ಲ ಮಂಪರು, ಹೆಸರು ಸಿಗದೇ ಇರುವುದು. ನಾವು ಪೂರ್ತಿ ಸಸ್ಯಾಹಾರಿಗಳು. ನೋಡಿದರೆ ಬಿ12 ತಳ ಮುಟ್ಟಿತ್ತು. ಇಂಜೆಕ್ಷನ್ ತಗೊಂಡ ಮೇಲೆ ನಿಧಾನಕ್ಕೆ ಸರಿ ಆದಳು. ಥೈರಾಯ್ಡ್, ನಿದ್ದೆ ಮಾತ್ರೆ, ಮೂತ್ರದ ಸೋಂಕು, ಇವೂ ಹೀಗೆ ಆಟ ಆಡಿಸುತ್ತವೆ. ಕಿವಿಯನ್ನೂ ನೋಡಿಸಿ. ಸರಿಯಾಗಿ ಕೇಳದ್ದನ್ನು ಯಾರಾದರೂ ನೆನಪಿಡುವುದು ಹೇಗೆ?

ಇನ್ನೊಂದು. ನಿಮ್ಮ ಅಮ್ಮ ತೀರಿಕೊಂಡು ಎರಡು ವರ್ಷ ಅಂದಿರಿ. ಅಂಗಡಿಯೂ ಹೋಯಿತು, ಊರೂ ಹೋಯಿತು. ಮನಸ್ಸು ಕುಸಿದವರಿಗೂ ಗಮನ ನಿಲ್ಲುವುದಿಲ್ಲ. ಅದನ್ನೂ ಡಾಕ್ಟರಿಗೆ ಹೇಳಿ. ಮಾತಾಡಬೇಕು ಅನಿಸಿದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲಿ ಮಾತಾಡುತ್ತಾರೆ.

ಗೇಮ್ ಹುಡುಗ ಬರೆದದ್ದು:

ಅಕ್ಕಾ, ಸುರತ್ಕಲ್ ಕಡೆ ಎಂಜಿನಿಯರಿಂಗ್ ಓದುವಾಗ ಪ್ರಾಜೆಕ್ಟಿಗೆ ಇಂಥದ್ದೇ ಒಂದು ಮಾಡಿದ್ದೆ. ಚಹಾ ಮಾಡುವ ಆಟ. ಒಳಗಿನ ಕಥೆ ಹೇಳುತ್ತೇನೆ.

ಇಂಥ ಆಟ ಕೊನೆಯ ಅಂಕ ಮಾತ್ರ ಬರೆದಿಟ್ಟುಕೊಳ್ಳುವುದಿಲ್ಲ. ಬೆರಳು ಎಲ್ಲಿ ಮುಟ್ಟಿತು, ಮುಟ್ಟುವ ಮೊದಲು ಎಷ್ಟು ಸೆಕೆಂಡು ತಡೆಯಿತು, ಪಟ್ಟಿ ಎಷ್ಟು ಸಲ ತೆರೆದರು, ಬೇಡದ ವಸ್ತು ಎತ್ತಿದರೆ ತಾವಾಗಿಯೇ ವಾಪಸ್ ಇಟ್ಟರಾ, ಎಲ್ಲ ದಾಖಲಾಗುತ್ತದೆ. ತಪ್ಪು ಮಾಡಿ ತಿದ್ದಿಕೊಳ್ಳುವವರು ಬೇರೆ, ತಪ್ಪಾಗಿದ್ದೇ ಗೊತ್ತಾಗದವರು ಬೇರೆ. ಹಾಳೆಯ ಟೆಸ್ಟಿನಲ್ಲಿ ಈ ವ್ಯತ್ಯಾಸ ಹಿಡಿಯುವುದು ಕಷ್ಟ.

ಮೂಡುಬಿದಿರೆಯ ನನ್ನ ಅಜ್ಜಿಗೆ ಮೊದಲು ಆಡಿಸಿದೆ. ಅಜ್ಜಿ ನೀರು ಕುದಿಯುವ ಮೊದಲೇ ಸಕ್ಕರೆ ಹಾಕಿದರು. ನನ್ನ ಆಟ ಕೆಂಪು ದೀಪ ಹಾಕಿ "ತಪ್ಪು ಕ್ರಮ" ಅಂದಿತು. "ನಿನ್ನ ಅಜ್ಜ 50 ವರ್ಷ ಕುಡಿದದ್ದು ಇದೇ ಚಹಾ" ಅಂತ ಅಜ್ಜಿ ಟ್ಯಾಬ್ ಪಕ್ಕಕ್ಕಿಟ್ಟರು. ತಪ್ಪು ನನ್ನದೇ. ಮತ್ತೆ, ವಯಸ್ಸಾದವರ ಬೆರಳು ಒಣಗಿರುತ್ತದೆ. ಪರದೆ ಸ್ಪರ್ಶ ಹಿಡಿಯುವುದೇ ಇಲ್ಲ. ಅವರು ಜೋರಾಗಿ ಒತ್ತಿ ಹಿಡಿಯುತ್ತಾರೆ, ಆಟ ಅದನ್ನು ಎಳೆದದ್ದು ಅಂದುಕೊಳ್ಳುತ್ತದೆ. ಅದಕ್ಕೆ ಲೆಕ್ಕಕ್ಕಿಲ್ಲದ ಎರಡು ಮೂರು ಆಟ ಮೊದಲು ಆಡಿಸಿ, ಕೈ ಪಳಗಲಿ. ಹಾಗಂತ ದಿನಾ ಆಡಿಸಬೇಡಿ. ಅಭ್ಯಾಸದಿಂದಲೇ ಅಂಕ ಏರುತ್ತದೆ, ಅಪ್ಪ ಸುಧಾರಿಸಿದರು ಅಂತ ನಿಮಗೆ ಅನಿಸುತ್ತದೆ.

ಆ ಆ್ಯಪ್ ಕಾಂಟ್ಯಾಕ್ಟ್ಸ್, ಮೆಸೇಜ್ ನೋಡಲು ಅನುಮತಿ ಕೇಳಿದರೆ ಕೊಡಬೇಡಿ. ಅಂಗಡಿ ಆಟಕ್ಕೆ ನಿಮ್ಮ ಮೆಸೇಜ್ ಯಾಕೆ?

ಸಂತೆಕಟ್ಟೆ ಅಕ್ಕ ಮತ್ತೆ ಬರೆದದ್ದು:

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ರಕ್ತ ಕೊಟ್ಟಾಯಿತು. ಥೈರಾಯ್ಡ್ ಸರಿ ಇದೆ. ಬಿ12 ಕಡಿಮೆ ಬದಿಯಲ್ಲಿದೆಯಂತೆ, ಮಾತ್ರೆ ಶುರು ಮಾಡಿದ್ದಾರೆ. ನಾವು ಮೀನು ತಿನ್ನುವವರು, ಆದರೆ ಅಮ್ಮ ಹೋದಾಗಿನಿಂದ ಅಪ್ಪ ಮುಟ್ಟುವುದೇ ಇಲ್ಲ. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಇನ್ನು ಆಟ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಮೇಜಿನ ಮೇಲೆ ಟ್ಯಾಬ್ ಇಟ್ಟೆ. ಅಪ್ಪ ಕನ್ನಡಕ ಹಾಕಿ, ಹೆಗಲ ಮೇಲಿನ ಬೈರಾಸಿನಿಂದ ಪರದೆ ಒರೆಸಿ, ಬೆರಳೂ ಒರೆಸಿಕೊಂಡು ಕೂತರು. ಗೇಮ್ ಹುಡುಗ ಹೇಳಿದ್ದು ನೂರಕ್ಕೆ ನೂರು ನಿಜ. ಮೊದಲ ಎರಡು ಸಲ ಅಕ್ಕಿ ಚೀಲ ಪರದೆ ತುಂಬ ಓಡಾಡಿತು, ಬುಟ್ಟಿಗೆ ಬೀಳಲಿಲ್ಲ. ಗೋಣಿ ಹೊತ್ತ ಕೈ, ಮೆತ್ತಗೆ ಮುಟ್ಟಿ ಗೊತ್ತೇ ಇಲ್ಲ.

ಮೂರನೇ ಸಲ ನಿಜವಾದ ಆಟ. ಆರು ಸಾಮಾನಿನ ಪಟ್ಟಿ ಅರ್ಧ ನಿಮಿಷ ತೋರಿಸಿ ಮಾಯ ಆಗುತ್ತದೆ. ಅಕ್ಕಿ, ಉಪ್ಪು, ಸೋಪು, ಟೊಮೆಟೊ, ಮೊಟ್ಟೆ, ಬೆಲ್ಲ. ಅಪ್ಪನಿಗೆ ಆರೂ ನೆನಪಿತ್ತು. ಆದರೆ ಅಕ್ಕಿ ಕಪಾಟಿನ ಮುಂದೆ ನಿಂತು ನಾಲ್ಕು ಬಗೆಯ ಅಕ್ಕಿಯ ದರ ಓದಿದರು. "ಕುಚ್ಚಲಕ್ಕಿ ಇಲ್ಲದ ಅಂಗಡಿ ಎಂತದ್ದು ಇದು?" ಟೊಮೆಟೊ ಹತ್ತಿರ ಹೋಗಿ, "ಕೈಯಲ್ಲಿ ಹಿಡಿದು ನೋಡದೆ ತೆಗೆದುಕೊಳ್ಳುವುದಾ? ತಕ್ಕಡಿ ಎಲ್ಲಿ ಉಂಟು?" ಅಂತ ನನ್ನನ್ನು ಕೇಳಿದರು. ಅಷ್ಟರಲ್ಲಿ ಮೇಲೆ "ನಿಧಾನ" ಅಂತ ಹಳದಿ ಗುರುತು ಬಂತು. ನನಗೆ ನಗು ತಡೆಯಲಾಗಲಿಲ್ಲ. ಅದು ನಿಧಾನ ಅಲ್ಲ, ವ್ಯಾಪಾರ!

ನಾಲ್ಕು ಸಾಮಾನು ಬುಟ್ಟಿಗೆ ಬಿತ್ತು. ಆಗ ಆಟದೊಳಗೆ ಒಂದು ಫೋನ್ ಬರುತ್ತದೆ. ಎತ್ತಬೇಕು. ಆ ಕಡೆಯಿಂದ ಒಂದು ಹೆಂಗಸು, ಎಷ್ಟು ಗಂಟೆಗೆ ಬರುತ್ತೀರಿ ಅಂತ ಕೇಳುತ್ತಾಳೆ, ಸಮಯ ಒತ್ತಿ ಹೇಳಬೇಕು. ಅಪ್ಪ ಸರಿಯಾಗಿಯೇ ಹೇಳಿದರು. ಫೋನ್ ಕೆಳಗಿಟ್ಟು ಅಂಗಡಿ ಮತ್ತೆ ಪರದೆಗೆ ಬಂತು.

ಅಪ್ಪನ ಬೆರಳು ಗಾಳಿಯಲ್ಲೇ ನಿಂತಿತು. ಐದಾರು ಸೆಕೆಂಡು ಇರಬೇಕು, ನನಗೆ ತುಂಬ ಹೊತ್ತು ಅನಿಸಿತು. ಆಮೇಲೆ ಮೊದಲಿನಿಂದ ಶುರು ಮಾಡಿದರು. ಉಪ್ಪು ಮತ್ತೊಂದು ಸಲ ಬುಟ್ಟಿಗೆ ಹಾಕಿ, ನನ್ನ ಕಡೆ ತಿರುಗಿ, "ಉಪ್ಪು ತೆಗೆದುಕೊಂಡೆನಾ?" ಅಂದರು. ಒಲೆ ಮುಂದೆ ಸೀದ ಪಾತ್ರೆ ಹಿಡಿದು ನಿಂತಾಗ ಇದ್ದದ್ದು ಇದೇ ಮುಖ.

ರಾತ್ರಿ ನೋಟ್‌ಬುಕ್ ತೆರೆದೆ. ಹತ್ತು ದಿನದಲ್ಲಿ ಏಳು ಸಲ ಬರೆದಿದ್ದೆ. ಕಡಲ ತಡಿಯವರು ಹೇಳಿದ ಹಾಗೆ ಎರಡನೇ ಸಾಲು ಮಾತ್ರ ಓದುತ್ತಾ ಹೋದೆ. ಹಾಲು ಉಕ್ಕಿದ್ದು: ಮುಂಬೈಯಿಂದ ಅಣ್ಣನ ಫೋನ್. ಬಿಪಿ ಮಾತ್ರೆ ಎರಡು ಸಲ ನುಂಗಿದ್ದು: ಮಾತ್ರೆ ಕೈಯಲ್ಲಿರುವಾಗ ಗೇಟಿನ ಹತ್ತಿರ ಮೀನಿನವನ ಹಾರ್ನ್. ನಲ್ಲಿ ಬಿಟ್ಟು ಬಂದದ್ದು: ಪಕ್ಕದ ಮನೆಯವರು ಕರೆದದ್ದು. ಏಳರಲ್ಲಿ ಐದು ಹೀಗೇ. ಯಾರೂ ಅಡ್ಡ ಬರದಿದ್ದರೆ ಅಪ್ಪ ದೋಸೆ ಹಿಟ್ಟು ರುಬ್ಬಿ, ಪಾತ್ರೆ ತೊಳೆದು, ಗ್ರೈಂಡರ್ ಒರೆಸಿ ಇಡುತ್ತಾರೆ. ನಡುವೆ ಒಬ್ಬರು ಬಂದರೆ ಹಿಡಿದ ಎಳೆ ಕೈ ಬಿಡುತ್ತದೆ. ಡಾಕ್ಟರ ಕೋಣೆಯಲ್ಲಿ ಅವತ್ತು ಯಾರೂ ಅಡ್ಡ ಬರಲಿಲ್ಲ, ಅಷ್ಟೇ. ನಾನು ಇಷ್ಟು ದಿನ "ಮರೆವು, ಮರೆವು" ಅನ್ನುತ್ತಿದ್ದೆ. ಇದು ಮರೆವಾ?

ಕಡಲ ತಡಿ ಬರೆದದ್ದು:

ಅಕ್ಕಾ, ಇದು ಚಿನ್ನದಂಥ ಮಾಹಿತಿ. ಹೆಸರಿಡುವ ಕೆಲಸ ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಆದರೆ ಐದು ಶಬ್ದ ನೆನಪಿಡುವುದು ಒಂದು, ಮಾಡುತ್ತಿದ್ದ ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗಿ ಅಲ್ಲಿಗೇ ವಾಪಸ್ ಬರುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಪರೀಕ್ಷೆ ಇದೆ. ನ್ಯೂರಾಲಜಿಸ್ಟ್ ಹತ್ತಿರ ಹೋಗಿ. "ಮರೆವು ಜಾಸ್ತಿ" ಅನ್ನಬೇಡಿ, ಆ ಏಳು ಘಟನೆ ಓದಿ ಹೇಳಿ. ನೋಟ್‌ಬುಕ್ಕೇ ತೆಗೆದುಕೊಂಡು ಹೋಗಿ. ಪೂರ್ತಿ ನ್ಯೂರೋಸೈಕಾಲಜಿ ಪರೀಕ್ಷೆ, ಅಂದರೆ ನೆನಪು, ಗಮನ, ಯೋಜನೆ ಎಲ್ಲವನ್ನೂ ಬೇರೆ ಬೇರೆಯಾಗಿ ಅಳೆಯುವುದು, ಮಾಡಿಸಬಹುದಾ ಅಂತ ಕೇಳಿ. ಐಸಿಎಂಆರ್‌ನವರು (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಮ್ಮ ಜನಕ್ಕೇ ಅಂತ ಮಾಡಿದ ಪರೀಕ್ಷೆಗಳ ಒಂದು ಗುಚ್ಛ ಇದೆ, ಕನ್ನಡದಲ್ಲೂ ಉಂಟು. ಆಟದ ಅಂಕ ತೋರಿಸಲೇಬೇಕು ಅಂತಿಲ್ಲ, ಫೋನ್ ಬಂದಾಗ ಏನಾಯಿತು ಅಂತ ಹೇಳಿದರೆ ಸಾಕು.

ಅಲ್ಲಿವರೆಗೆ ಮನೆಯಲ್ಲಿ ಒಂದೇ ನಿಯಮ ಮಾಡಿ. ಯಾರು ಕರೆದರೂ ಮೊದಲು ಗ್ಯಾಸ್ ಆಫ್, ಆಮೇಲೆ ಉತ್ತರ. ಮಾತ್ರೆಗೆ ವಾರದ ಡಬ್ಬಿ ತನ್ನಿ. ಅಣ್ಣನಿಗೆ ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ಫೋನ್ ಮಾಡಬೇಡ ಅನ್ನಿ.

ಸಂತೆಕಟ್ಟೆ ಅಕ್ಕ ಬರೆದದ್ದು:

ಬುಧವಾರ ಹೋಗುತ್ತಿದ್ದೇವೆ. ಅಣ್ಣನಿಗೆ ಹೇಳಿದೆ. "ನನ್ನ ಫೋನಿನಿಂದ ಪಾತ್ರೆ ಸೀದದ್ದಾ?" ಅಂತ ಅವನಿಗೆ ಸಿಟ್ಟು. ಇರಲಿ.

ಟ್ಯಾಬ್ ಆಟ ಇನ್ನು ಬೇಡವಂತೆ ಅಪ್ಪನಿಗೆ. "ಆಡುವುದಾದರೆ ಚೆನ್ನೆಮಣೆ ಇಳಿಸು" ಅಂದರು. ಅದು ಗುಳಿಗಳಿರುವ ಮರದ ಮಣೆ, ಕಾಯಿ ಹಾಕಿ ಆಡುವುದು. ಮಳೆಗಾಲದ ಆಟಿ ತಿಂಗಳು ಬಿಟ್ಟು ಅದನ್ನು ಅಟ್ಟದಿಂದ ಇಳಿಸಬಾರದು ಅಂತ ಅಮ್ಮ ಹೇಳುತ್ತಿದ್ದರು. ಅಕ್ಕ ತಂಗಿ ಒಟ್ಟಿಗೆ ಆಡಬಾರದು ಅಂತಲೂ. ಅಪ್ಪ ಮಗಳಿಗೆ ಏನೂ ಹೇಳಿರಲಿಲ್ಲ, ಹಾಗಾಗಿ ಇಳಿಸಿದೆ. ಅಪ್ಪ ಕಾಯಿಗಳನ್ನು ಮುಷ್ಟಿಯಲ್ಲಿ ಹಿಡಿದು ನಾಲ್ಕು ನಾಲ್ಕರಂತೆ ಗುಳಿಗೆ ಬಿಡುತ್ತಾ ಹೋದರು. ಕಣ್ಣು ಕಿಟಕಿಯ ಹೊರಗೆ. ಮುಗಿಯುವ ಮೊದಲೇ, "ಒಂದು ಗುಳಿಗೆ ಕಾಯಿ ಇಲ್ಲ, 52 ಉಂಟು" ಅಂದರು. ನಾನು ಎಣಿಸಿ ನೋಡಿದೆ. ಹದಿನಾಲ್ಕು ಗುಳಿಗೆ ನಾಲ್ಕರಂತೆ 56 ಇರಬೇಕಾದಲ್ಲಿ 52.

ನಾಲ್ಕು ಮಂಜೊಟ್ಟಿ ಕಾಯಿ ಯಾರ ಹತ್ತಿರವಾದರೂ ಇದೆಯಾ? ಹುಣಸೆ ಬೀಜ ಹಾಕಿದರೆ ಅಪ್ಪ ಒಪ್ಪುತ್ತಿಲ್ಲ.

ರಿಟೈರ್ಡ್ ಮೇಷ್ಟ್ರು, ಕಾರ್ಕಳ, ಬರೆದದ್ದು:

ನಮ್ಮ ಹಿತ್ತಲಲ್ಲಿ ಮರವೇ ಉಂಟು. ಮಳೆ ನಿಂತರೆ ಹೆಕ್ಕುತ್ತೇನೆ. ವಿಳಾಸ ಇಲ್ಲಿ ಹಾಕಬೇಡಿ, ಬೇರೆ ಮೆಸೇಜ್ ಮಾಡಿ. ಎಂಟು ಕಳಿಸುತ್ತೇನೆ, ನಾಲ್ಕು ಮತ್ತೆ ಕಳೆಯುವುದಕ್ಕೆ.